ನ್ಯಾಯ ಪಕ್ಕದ ಮನೆಗೆ, ದಯೆ ನಮ್ಮ ಮನೆಗೆ

ಕ್ರಿ.ಪೂ. ಎಂಟನೇ ಶತಮಾನದಲ್ಲಿ ತೆಕೋವದ ಕುರುಬ, ಪ್ರವಾದಿ ಆಮೋಸ ನೆರೆನಾಡುಗಳಿಗೆ ದೇವರ ಶಿಕ್ಷೆ ಸಾರಲು ಬಾಯಿ ತೆರೆದಾಗ ಇಸ್ರಾಯೇಲಿನವರಿಗೆ ಬಲು ಹಿತವೆನಿಸಿರಬೇಕು. ದಮಸ್ಕಕ್ಕೆ ಬೆಂಕಿ. ಗಾಜಾಕ್ಕೆ ಬೆಂಕಿ. ತೂರ್, ಎದೋಮ್, ಅಮ್ಮೋನ್, ಮೋವಾಬ್, ಎಲ್ಲಕ್ಕೂ ಬೆಂಕಿ. ಕೊನೆಗೆ ದಾಯಾದಿ ಯೆಹೂದಕ್ಕೂ ಬೆಂಕಿ. ಎಂಥ ದೇವರು! ಎಂಥ ನ್ಯಾಯ!

ಎಂಟನೆಯ ಹೆಸರು ಇಸ್ರಾಯೇಲ್.

ಅಲ್ಲಿಗೆ ದೇವರದ್ದು ಸ್ವಲ್ಪ ಅತಿಯಾಯಿತು.

ಆರೋಪವೇನು? ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನು ಮಾರಿದ್ದರು. ಕಾಳು ಅಳೆಯುವ ಕೊಳಗ ಚಿಕ್ಕದು, ಬೆಳ್ಳಿ ತೂಗುವ ಕಲ್ಲು ದೊಡ್ಡದು. ಗೋದಿಯ ಹೊಟ್ಟನ್ನೂ ಬಿಡದೆ ಮಾರುತ್ತಿದ್ದರು. ಹಾಗೆಂದು ಧರ್ಮಭ್ರಷ್ಟರೇನಲ್ಲ. ವಾರದ ವಿಶ್ರಾಂತಿಯಾದ ಸಬ್ಬತ್ ದಿನ ವ್ಯಾಪಾರವಿಲ್ಲ. ಸಬ್ಬತ್ ಯಾವಾಗ ಮುಗಿದೀತು ಎಂದು ಚಡಪಡಿಸುತ್ತಿದ್ದರು, ಅಷ್ಟೆ.

ಬೇತೇಲಿನ ಯಾಜಕ ಅಮಚ್ಯ ಆರೋಪ ಸುಳ್ಳು ಎನ್ನಲಿಲ್ಲ. ತಕ್ಕಡಿ ನೋಡೋಣ ಎನ್ನಲಿಲ್ಲ. ಇವನದು ಒಳಸಂಚು ಎಂದು ದೊರೆ ಯಾರೊಬ್ಬಾಮನಿಗೆ ದೂರು ಕಳಿಸಿದ. ಆಮೋಸನಿಗೆ ಯೆಹೂದದ ದಾರಿ ತೋರಿಸಿದ. ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ, ಇದು ರಾಜನ ದೇವಾಲಯ ಎಂದ. ದೇವರದ್ದಲ್ಲ, ರಾಜನದ್ದು. ಪುಣ್ಯಾತ್ಮ, ಬಾಯಿತಪ್ಪಿ ನಿಜ ಹೇಳಿಬಿಟ್ಟ.

ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯಾ ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ನುಂಗಿತು.

ಇನ್ನು ಪ್ರವಾದಿ ಯೋನನ ಕಥೆ ಕೇಳಿ. ಅದೇ ಅಸ್ಸೀರಿಯಾದ ನಿನೆವೆಗೆ ಎಚ್ಚರಿಕೆ ಕೊಡು ಎಂದರೆ ಎದುರು ದಿಕ್ಕಿನ ಹಡಗು ಹತ್ತಿದವನು. ಮೀನಿನ ಹೊಟ್ಟೆಯಿಂದ ಬದುಕಿ ಬಂದ ಮೇಲೆ ಹೋಗಿ 40 ದಿನದ ಗಡುವು ಸಾರಿದ. ಊರಿಗೆ ಊರೇ ತಿದ್ದಿಕೊಂಡಿತು. ರಾಜ ಬೂದಿಯಲ್ಲಿ ಕೂತ. ದನಕರುಗಳಿಗೂ ಗೋಣಿತಟ್ಟು, ಉಪವಾಸ. ದೇವರು ಕ್ಷಮಿಸಿದ.

ಪ್ರವಾದಿಗೆ ಸಂತೋಷವಾಯಿತೇ? ಸತ್ತರೇ ವಾಸಿ ಎಂದ! ತನಗೆ ಸಿಕ್ಕರೆ ಅದು ದಯೆ, ಶತ್ರುವಿಗೆ ಸಿಕ್ಕರೆ ಅನ್ಯಾಯ. ನೆರಳಿನ ಗಿಡ ಒಣಗಿತೆಂದು ಮರುಗಿದ. 1,20,000ಕ್ಕೂ ಹೆಚ್ಚು ಜನ ಉಳಿದರೆಂದು ಮುನಿದ.

ಯೆಹೂದದ ರಾಜಧಾನಿ ಜೆರುಸಲೇಮಿನ ಸಿರಿವಂತರು ಇವನನ್ನೂ ಮೀರಿಸಿದರು. ಬ್ಯಾಬಿಲೋನಿನ ಸೇನೆ ಕೋಟೆಯನ್ನು ಮುತ್ತಿದಾಗ ಅವರಿಗೆ ಧರ್ಮಶಾಸ್ತ್ರ ನೆನಪಾಯಿತು. ಹಿಬ್ರೂ ಗುಲಾಮರನ್ನು ಏಳನೇ ವರ್ಷ ಬಿಡಬೇಕೆಂಬ ನಿಯಮ ಹಳೆಯದು. ಅವರ ಅಪ್ಪಂದಿರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ದೊರೆ ಚಿದ್ಕೀಯನ ಮಾತಿಗೆ ಒಪ್ಪಿ, ದೇವಾಲಯದಲ್ಲೇ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯ ವಿಧಿಯಂತೆ ಕರುವನ್ನು ಸೀಳಿ ಎರಡು ಹೋಳಿನ ನಡುವೆ ನಡೆದರು. ಗುಲಾಮರನ್ನು ಬಿಟ್ಟರು.

ಅಷ್ಟರಲ್ಲಿ ಈಜಿಪ್ಟಿನ ಸೇನೆ ಹೊರಟ ಸುದ್ದಿ ಬಂತು. ಬ್ಯಾಬಿಲೋನಿನವರು ಮುತ್ತಿಗೆ ತೆಗೆದರು. ಗಂಡಾಂತರ ಕಳೆಯಿತು. ಭಕ್ತಿಯೂ ಕಳೆಯಿತು. ಬಿಟ್ಟ ಗುಲಾಮರನ್ನೆಲ್ಲ ಹಿಡಿದು ತಂದರು. ವಾಪಸು ಬಾರದ್ದು ಆ ಕರು ಒಂದೇ.

ಬ್ಯಾಬಿಲೋನಿನ ಸೇನೆ ತಿರುಗಿ ಬರುತ್ತದೆ ಎಂದ ಪ್ರವಾದಿ ಯೆರೆಮೀಯನನ್ನು ಕೆಸರುಬಾವಿಗೆ ಇಳಿಸಿದರು. ಅದಕ್ಕೂ ಮುಂಚೆ ಹಿಂದಿನ ದೊರೆ ಯೆಹೋಯಾಕೀಮ ಅವನ ಪ್ರವಾದನೆಯ ಸುರುಳಿಯನ್ನು ಚೂರುಚೂರು ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದ್ದ. ಚಳಿಗಾಲ ನೋಡಿ, ದೈವವಾಣಿಯೂ ಮೈ ಕಾಯಿಸಿಕೊಳ್ಳಲು ಬಂತು.

ಇಂಥವರೇ ದೇವರನ್ನು ಕ್ರೂರಿ ಎನ್ನುವುದು. ದಿನ ಹೇಳಿ, ಕಾರಣ ಹೇಳಿ, ತಪ್ಪಿಸಿಕೊಳ್ಳುವ ದಾರಿಯನ್ನೂ ಹೇಳಿ ಆಮೇಲೆ ಹೊಡೆಯುವವನು ಕ್ರೂರಿಯಂತೆ. ಹೇಳದೆ ಕೊಳಗ ಕಿರಿದು ಮಾಡಿದವನು ಮರ್ಯಾದಸ್ಥ.

ಕ್ರಿ.ಪೂ. 586ರಲ್ಲಿ ಜೆರುಸಲೇಮ್ ಬಿತ್ತು. ಗಣ್ಯರು ಸೆರೆಯಾಳುಗಳಾಗಿ ನಡೆದರು. ಏನೂ ಇಲ್ಲದ ಬಡವರನ್ನು ನಾಡಿನಲ್ಲೇ ಉಳಿಸಿ, ಅವರಿಗೆ ಹೊಲ, ದ್ರಾಕ್ಷಿತೋಟ ಕೊಟ್ಟವನು ಬ್ಯಾಬಿಲೋನಿನ ದಂಡನಾಯಕ ನೆಬೂಜರದಾನ. ದೇವಾಲಯದಲ್ಲಿ ಪ್ರತಿಜ್ಞೆ ಮಾಡಿದವರಿಂದ ಆಗದ ಕೆಲಸ ದೇವಾಲಯ ಸುಟ್ಟವನಿಂದ ಆಯಿತು.