ಭಾನುವಾರದ ಸೈಕಲ್ ಸವಾರರಿಗೆ ಅರಳಿಕಟ್ಟೆಯ ಅರ್ಜಿ

ಇವರಿಗೆ,
ಭಾನುವಾರ ಬೆಳಗಿನ ಸೈಕಲ್ ಸವಾರರು,
ಮೊಕ್ಕಾಂ ಬೆಂಗಳೂರು.

ಇವರಿಂದ,
ಅರಳಿಕಟ್ಟೆಯ ಸಮಸ್ತರು,
ದೊಡ್ಡಬಳ್ಳಾಪುರದಿಂದ ನಂದಿ ಕಡೆಗೆ ಹೋಗುವ ಒಳದಾರಿಯ ಒಂದು ಊರು.

ವಿಷಯ: ನಮ್ಮೂರ ರಸ್ತೆಯ ಪ್ರಶಾಂತತೆಯನ್ನು ಕೊಂಚ ಕಡಿಮೆ ಮಾಡಿಸಿಕೊಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಪ್ರತಿ ಭಾನುವಾರ ಕೋಳಿ ಕೂಗುವ ಹೊತ್ತಿಗೆ ಮಿಣಿಮಿಣಿ ದೀಪ ಹಾಕಿಕೊಂಡು, ಟಗರಿನ ಕೊಂಬಿನಂಥ ಹ್ಯಾಂಡಲ್ ಮೇಲೆ ಬಗ್ಗಿಕೊಂಡು, ಸೀಟಿನ ಜಾಗಕ್ಕೆ ದಿಂಬು ಹೊಲಿಸಿದ ಚಡ್ಡಿ ತೊಟ್ಟು ನಮ್ಮೂರ ಮೇಲೆ ಹಾದುಹೋಗುತ್ತಿರುವುದು ಸರಿಯಷ್ಟೆ. 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಏದುಸಿರು ಬಿಡುತ್ತ ಹತ್ತಿ, ಫೋಟೊ ತೆಗೆದುಕೊಂಡು, ಇಳಿದು ಬರುವಾಗ ನಮ್ಮ ಟೀ ಅಂಗಡಿ ಮುಂದೆ ನಿಲ್ಲುತ್ತೀರಿ. ‘ಅಂಕಲ್, ಎಷ್ಟು ಶಾಂತವಾಗಿದೆ ನಿಮ್ಮೂರು! ಯಾವತ್ತೂ ಹೀಗೇ ಇರಲಿ’ ಎಂದು ಹರಸುತ್ತೀರಿ. ನಮ್ಮ ತಕರಾರು ಇರುವುದು ಈ ಆಶೀರ್ವಾದದ ಬಗ್ಗೆ.

ಮೊದಲಿಗೆ, ತಮ್ಮ ಬಗ್ಗೆ ನಮಗೆ ಅಗೌರವವಿಲ್ಲ. ನಾವೂ ನೀವೂ ಒಂದೇ ಪಂಗಡದವರು ಎಂದು ಸರ್ಕಾರವೇ ಹೇಳಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಎತ್ತಿನಗಾಡಿಗಳು ಬರಕೂಡದು ಎಂದರಲ್ಲ, ಆ ಪಟ್ಟಿಯಲ್ಲಿ ನಿಮ್ಮ ಸೈಕಲ್ಲೂ ಇತ್ತು. ಎರಡು ಲಕ್ಷದ ಕಾರ್ಬನ್ ಸೈಕಲ್ಲನ್ನೂ ನಮ್ಮ ಜೋಡಿ ಎತ್ತಿನಗಾಡಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಹೊರಗಿಟ್ಟ ದಿನ ಕಟ್ಟೆಯ ಮೇಲೆ ನಾವು ಸಮಾನತೆಯ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ವ್ಯತ್ಯಾಸ ಇರುವುದು ಇಷ್ಟೇ: ನಮ್ಮಲ್ಲಿ ನಾಲ್ಕು ಕಾಸು ಬಂದರೆ ಸೈಕಲ್ ಇಳಿಯುತ್ತಾರೆ, ನಿಮ್ಮಲ್ಲಿ ನಾಲ್ಕು ಕಾಸು ಬಂದರೆ ಸೈಕಲ್ ಹತ್ತುತ್ತಾರೆ. ಡೈರಿಗೆ ಹಾಲಿನ ಕ್ಯಾನು, ಮನೆಗೆ ಹುಲ್ಲಿನ ಹೊರೆ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಎಲ್ಲವನ್ನೂ ಸೈಕಲ್ ಮೇಲೇ ಹೇರುತ್ತಿದ್ದವರು ಮೊದಲ ಕಂತು ಕಟ್ಟುವಷ್ಟಾದ ಕೂಡಲೇ ಎಕ್ಸೆಲ್ ಮೊಪೆಡ್ ಕೊಂಡರು. ಅವರ ಹಳೇ ಸೈಕಲ್ ಈಗ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಅಟ್ಟಣಿಗೆಯಾಗಿದೆ.

ತಮ್ಮಲ್ಲಿ ಕೆಲವರು ‘ಬ್ರೆವೆ’ ಎಂಬ ವ್ರತ ಹಿಡಿಯುತ್ತಾರೆಂದು ಕೇಳಿದ್ದೇವೆ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ತುಳಿಯಬೇಕಂತೆ. ದಾರಿಯುದ್ದಕ್ಕೂ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕಂತೆ. ಅದಕ್ಕೆ ಮಾನ್ಯತೆ ಕೊಡುವುದು ದೂರದ ಪ್ಯಾರಿಸ್ಸಿನ ಕ್ಲಬ್ಬಂತೆ. ಬಹುಮಾನ ಇಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ನಮಗಿದು ಹೊಸದೇನಲ್ಲ. ಒಂದು ಸೀಲಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವುದು, ಕೈಯಿಂದ ಕಾಸು ಕೊಟ್ಟು ಅಲೆಯುವುದು, ಬಹುಮಾನವಿಲ್ಲದೆ ವಾಪಸು ಬರುವುದು, ಇವೆಲ್ಲ ನಮಗೆ ರಕ್ತಗತ. ನಿಮ್ಮದು ಹದಿಮೂರೂವರೆ ಗಂಟೆಗೆ ಮುಗಿಯುತ್ತದೆ ಎಂಬುದೊಂದೇ ಹೊಟ್ಟೆಕಿಚ್ಚು.

ಇನ್ನು ತಾವು ನಮ್ಮ ಮೇಲೆ ಹೊರಿಸಿರುವ ಎರಡು ಆಪಾದನೆಗಳಿಗೆ ಸಮಜಾಯಿಷಿ.

ಒಂದು, ಹುರುಳಿ. ಸುಗ್ಗಿಯಲ್ಲಿ ರಸ್ತೆ ತುಂಬ ಹುರುಳಿ ಬಳ್ಳಿ ಹರಡಿದ್ದರಿಂದ ತಮ್ಮ ಗೇರಿಗೆ ಬಳ್ಳಿ ಸುತ್ತಿಕೊಂಡು ನಿಂತಿರಿ. ಒಪ್ಪಿದೆವು, ಅದು ಕಾನೂನಿಗೆ ವಿರುದ್ಧ. ಆದರೆ ಕಣ ಮಾಡುತ್ತಿದ್ದ ಜಾಗ ಸೈಟಾಗಿದೆ, ರೋಣಗಲ್ಲು ಎಳೆಯುತ್ತಿದ್ದ ಎತ್ತು ಸಂತೆ ಸೇರಿದೆ. ಹಾದುಹೋಗುವ ಚಕ್ರಗಳೇ ನಮ್ಮ ಒಕ್ಕಣೆಯ ಆಳುಗಳು. ತಮ್ಮ ಚಕ್ರಕ್ಕೆ ತೂಕವಿಲ್ಲ, ಟೈರಿಗೆ ಅಗಲವಿಲ್ಲ. ಇಡೀ ಗುಂಪು ಹಾದುಹೋದರೂ ಕಾಯಿ ಒಡೆದು ಒಂದು ಸೇರು ಕಾಳು ಉದುರುವುದಿಲ್ಲ. ನಷ್ಟ ಎರಡೂ ಕಡೆಗಾಗಿದೆ.

ಎರಡು, ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ (ಪಕ್ಷವಲ್ಲ, 1934ರಿಂದ ಇರುವ ಎಂಜಿನಿಯರುಗಳ ಸಂಸ್ಥೆ) ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ನಮ್ಮೂರ ಹಂಪು ಎಂಜಿನಿಯರ ಲೆಕ್ಕದ್ದಲ್ಲ, ಕೋಪದ ಲೆಕ್ಕದ್ದು. ರೆಸಾರ್ಟಿಗೆ ಹೋಗುವ ಕಾರು ಕರುವಿಗೆ ಗುದ್ದಿದ ಸಂಜೆ ಊರವರು ಮಣ್ಣು, ಜಲ್ಲಿ, ಸಿಮೆಂಟು ಕಲಸಿ ಸುರಿದರು. ಕೋಪ ಎಷ್ಟಿತ್ತೋ ಎತ್ತರ ಅಷ್ಟು ಬಂತು. ತಮ್ಮ ಸೊಂಟಕ್ಕೆ ಬಿದ್ದ ಏಟು ಆ ಕಾರಿನವನಿಗೆ ಸೇರಬೇಕಾದದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ನಮ್ಮ ರಸ್ತೆ ಹುಟ್ಟಿನಿಂದ ಪ್ರಶಾಂತವಾಗಿರಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಬರುತ್ತಿತ್ತು. ಕಲೆಕ್ಷನ್ ಇಲ್ಲವೆಂದು ಬಸ್ಸು ನಿಲ್ಲಿಸಿದರು. ಬಸ್ಸಿಲ್ಲವೆಂದು ಕೈಲಾದವರು ಸಾಲ ಮಾಡಿ ಸ್ಕೂಟರು ಕೊಂಡರು. ಎಲ್ಲರ ಮನೆಯಲ್ಲೂ ಸ್ಕೂಟರಿದೆಯಲ್ಲ ಎಂದು ಈಗ ಬಸ್ಸು ಬಿಡುತ್ತಿಲ್ಲ. ಹುಡುಗರು ಫ್ಯಾಕ್ಟರಿ ವ್ಯಾನು ಹತ್ತಿ ಹೋಗುತ್ತಾರೆ, ಕತ್ತಲಾದ ಮೇಲೆ ಬರುತ್ತಾರೆ. ಹಗಲಲ್ಲಿ ಉಳಿಯುವವರು ನಾವು ಮತ್ತು ನಾಯಿಗಳು. ತಾವು ಕಣ್ಣುಮುಚ್ಚಿ ಆಸ್ವಾದಿಸುವ ನಿಶ್ಶಬ್ದ ಅಂದರೆ ನಮ್ಮೂರಿಗೆ ಬಾರದ ಬಸ್ಸಿನ ಸದ್ದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ನಮ್ಮ ಅಕ್ಕತಂಗಿಯರು ಅಂದಿನಿಂದ ಉಚಿತವಾಗಿ ಕಾಯುತ್ತಿದ್ದಾರೆ. 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿತು. ಸಡಿಲ ನಟ್ಟಿನ, ಬ್ರೇಕು ಹಿಡಿಯದ ಸೈಕಲ್ಲೇ ಇರಲಿ, ಹೆಣ್ಣುಮಕ್ಕಳು ಪುಸ್ತಕದ ಚೀಲ ಕ್ಯಾರಿಯರಿಗೆ ಸಿಕ್ಕಿಸಿ ಸಾಲಾಗಿ ಹೈಸ್ಕೂಲಿಗೆ ಹೊರಟರೆ ಈ ರಸ್ತೆಗೆ ಬೆಲ್ಲಿನ ಸದ್ದಿತ್ತು. ಕೋವಿಡ್ ಬಂದ ಮೇಲೆ ಅದೂ ನಿಂತಿತು. ನಡೆದು ಹೋಗುವ ಮಕ್ಕಳಿಗೆ ತಾವು ಭಾನುವಾರ ಕೈಬೀಸುವುದು ಕಾಣುವುದಿಲ್ಲ. ಅವರು ನಡೆಯುವುದು ಸೋಮವಾರದಿಂದ ಶನಿವಾರದವರೆಗೆ.

ತಮ್ಮ ಹೊಗಳಿಕೆಯಿಂದ ಇನ್ನೊಂದು ಕಾಟವಿದೆ. ತಾವು ‘ಸ್ವರ್ಗ’ ಎಂದು ಬರೆದು ಫೋಟೊ ಹಾಕಿದ ದಾರಿಗೆ ಸ್ವಲ್ಪ ದಿನಕ್ಕೇ ಬಿಳೀ ಶರ್ಟಿನವರು ಬಂದು ಟೇಪು ಹಿಡಿಯುತ್ತಾರೆ. ದ್ರಾಕ್ಷಿ ತೋಟದ ಪಕ್ಕ ಕಲ್ಲು ನೆಡುತ್ತಾರೆ, ಬೋರ್ಡು ಹಾಕುತ್ತಾರೆ. ಪ್ರಶಾಂತತೆಗೆ ಚದರಡಿ ಲೆಕ್ಕದಲ್ಲಿ ರೇಟು ಕಟ್ಟಿದ್ದು ನೀವಲ್ಲ, ಗೊತ್ತು. ಆದರೆ ಸ್ಯಾಂಪಲ್ ತೋರಿಸಿದವರು ನೀವು.

ಆದಕಾರಣ ನಮ್ಮ ಕೋರಿಕೆ. ನಮ್ಮೂರಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿರುವ ಹುಡುಗನೊಬ್ಬ ಒಂದು ಲೆಕ್ಕ ಹುಡುಕಿ ತಂದಿದ್ದಾನೆ. ಅದೇ ರಸ್ತೆ ಕಾಂಗ್ರೆಸ್ಸು ಗ್ರಾಮಾಂತರ ರಸ್ತೆಗಳಿಗೆಂದು 1990ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪ್ರತಿ ವಾಹನಕ್ಕೂ ಕಾರಿನ ಅಳತೆಯಲ್ಲಿ ಬೆಲೆ ಕಟ್ಟಿದ್ದಾರೆ. ಎತ್ತಿನಗಾಡಿ ಎಂಟು ಕಾರಿಗೆ ಸಮ (ಈ ಮಾತು ಕೇಳಿ ನಮ್ಮ ಗಾಡಿಯ ಯಜಮಾನರು ಎರಡು ದಿನ ಯಾರನ್ನೂ ಮಾತಾಡಿಸಲಿಲ್ಲ). ಬಸ್ಸು ಮೂರು ಕಾರು. ಸೈಕಲ್ಲು ಅರ್ಧ ಕಾರು. ಅಂದರೆ ಆರು ಸೈಕಲ್ ಸೇರಿದರೆ ಒಂದು ಬಸ್ಸು. ತಾವು ಭಾನುವಾರ ಮೂವತ್ತು ಮಂದಿ ಬರುತ್ತೀರಿ: ಹೋಗುವಾಗ ಐದು ಬಸ್ಸು, ಬರುವಾಗ ಐದು ಬಸ್ಸು. ಸರ್ಕಾರಿ ಅಳತೆಯಲ್ಲೇ ನಮ್ಮೂರಿಗೆ ವಾರಕ್ಕೆ ಹತ್ತು ಟ್ರಿಪ್ಪು ನಡೆಯುತ್ತಿದೆ.

ಇದರಲ್ಲಿ ಎರಡು ಟ್ರಿಪ್ಪನ್ನು ಸೋಮವಾರ ಬೆಳಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ವರ್ಗಾಯಿಸಿಕೊಡಬೇಕೆಂದು ಪ್ರಾರ್ಥನೆ. ತಾವೇ ಮಕ್ಕಳನ್ನು ಕೂರಿಸಿಕೊಳ್ಳಬಹುದಿತ್ತು, ಆದರೆ ತಮ್ಮ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ. ಆದ್ದರಿಂದ ಆರು ಚಕ್ರದ ಬಸ್ಸೇ ಆಗಬೇಕು. ಬಸ್ಸಿಗಾಗಿ ಹಿಂದೆ ಕೊಟ್ಟ ನಮ್ಮ ಅರ್ಜಿಗೆ ಉತ್ತರ ಕೊಡದ ಸಾಹೇಬರು ತಮ್ಮ ಗುಂಪಿನಲ್ಲೇ ಪೆಡಲ್ ತುಳಿಯುತ್ತ ಬರುತ್ತಿರಬಹುದು, ಹೆಲ್ಮೆಟ್ಟು ಕನ್ನಡಕ ಹಾಕಿದ ಮೇಲೆ ನಮಗೆ ಗುರುತು ಹತ್ತುವುದಿಲ್ಲ. ಟೀ ಕುಡಿಯುವಾಗ ತಾವೇ ಒಂದು ಮಾತು ಹಾಕಿ.

ಇಂತಿ,
ಅರಳಿಕಟ್ಟೆಯ ಸಮಸ್ತರು

ವಿ.ಸೂ.: ಬಸ್ಸು ಬಂದ ಮೇಲೆ ಬೆಳಗ್ಗೆ ಒಂದು, ಸಂಜೆ ಒಂದು ಸಲ ಹಾರನ್ ಕೇಳಿಸುತ್ತದೆ. ಆಗ ಬೇಸರಪಡದೆ ಎಡಕ್ಕೆ ಸರಿದುಕೊಳ್ಳಿ, ಒಳಗೆ ನಮ್ಮ ಮಕ್ಕಳಿರುತ್ತಾರೆ.