ಯಾರಿಗೆ ಮಣೆ?

ನಿನ್ನೆ ಬೆಳಗಿನ ಜಾವ ಐದಕ್ಕೆ ಕೋಲಾರದಿಂದ ಅಪ್ಪನ ಫೋನು. ಹೊತ್ತಲ್ಲದ ಹೊತ್ತಿನಲ್ಲಿ ಊರಿನ ನಂಬರು ಬೆಳಗಿದರೆ ಹೊರನಾಡಿನವರ ಹೊಟ್ಟೆಯಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ. ನಡುಗುತ್ತಾ ಎತ್ತಿದರೆ, "ಆ ಮಣೆ ಅಗಲ ಎಷ್ಟಮ್ಮಾ? ಆಚಾರಿ ಇಲ್ಲೇ ನಿಂತವ್ನೆ" ಅಂದರು.

ಮಣೆ ಅಂದರೆ ಕಾರಿನಲ್ಲಿ ಮಕ್ಕಳ ಅಡಿಗಿಡುವ ಬೂಸ್ಟರ್ ಸೀಟು. ಹಾಗೆ ನಾಮಕರಣ ಮಾಡಿದವಳು ಅಮ್ಮ.

ನಾವಿರುವ ಬೆಲ್ವ್ಯೂ ವಾಷಿಂಗ್ಟನ್ ರಾಜ್ಯದ್ದು. 2020ರ ಜನವರಿಯಿಂದ ಇಲ್ಲಿ 4 ಅಡಿ 9 ಅಂಗುಲ ಆಗುವ ತನಕ ಮಕ್ಕಳಿಗೆ ಬೂಸ್ಟರಿನಿಂದ ಬಿಡುಗಡೆಯಿಲ್ಲ. ನನ್ನ ಮಗಳಿಗೆ ವಯಸ್ಸು 9, ಎತ್ತರ 4 ಅಡಿ 6. ಅವಳು ಲಾಯರಿಗಿಂತ ಚೆನ್ನಾಗಿ ಕಾನೂನು ಓದಿಕೊಂಡಿದ್ದಾಳೆ. ಎರಡೂವರೆ ಗಂಟೆ ದೂರದ ವ್ಯಾಂಕೂವರಿನಲ್ಲಿ 9 ತುಂಬಿದರೆ ಸಾಕಂತೆ, "ನಾವ್ಯಾಕೆ ಕೆನಡಾಗೆ ಶಿಫ್ಟ್ ಆಗಬಾರದು?" ಎಂದು ಊಟದ ಮಧ್ಯೆ ಕೇಳುತ್ತಾಳೆ. ಜೂನ್ ಕೊನೆಗೆ ಊರಿಗೆ ಹೊರಟಾಗ ಆ ಬೂಸ್ಟರನ್ನು ಸೂಟ್‌ಕೇಸಿಗೆ ತುರುಕಿದೆ ನೋಡಿ, ಅಲ್ಲಿಗೆ ತಾಯಿ ಮಗಳ ಮಾತುಕತೆ ನಿಂತಿತು.

ಕೋಲಾರದಲ್ಲಿ ಮೊದಲು ಬೆಲ್ಟಿನ ಬಕಲ್ಲಿಗೇ ಹುಡುಕಾಟ. ಮೂರೂ ಬಕಲ್ಲುಗಳು ಅಪ್ಪ ಹಾಕಿಸಿದ ಸೀಟ್ ಕವರಿನ ಕೆಳಗೆ ಗುಪ್ತನಿಧಿಯಾಗಿದ್ದವು. ಕೈ ಹಾಕಿ ಹೊರಗೆಳೆದಾಗ ಒಂದು ಹುಣಿಸೆ ಬೀಜ, ಯಾವುದೋ ಮದುವೆಯ ತಾಂಬೂಲದ ಅಡಿಕೆ ಜೊತೆಗೆ ಬಂದವು. ಅಷ್ಟರಲ್ಲಿ ಮಾಲೂರಿನಿಂದ ತಮ್ಮನ ಸವಾರಿ. ಅವನ ಏಳು ವರ್ಷದ ಮಗ ಸನ್‌ರೂಫಿನಿಂದ ಅರ್ಧ ಮೈ ಹೊರಗಿಟ್ಟು, ಚುನಾವಣೆ ಗೆದ್ದವನ ಹಾಗೆ ಬೀದಿಗೆಲ್ಲ ಕೈ ಬೀಸುತ್ತಾ ಬಂದಿಳಿದ. ನನ್ನ ಮಗಳು ಒಳಗೆ ಬೂಸ್ಟರಿನ ಮೇಲೆ, ಕಮ್ಮಸಂದ್ರದ ಕೋಟಿಲಿಂಗಗಳ ಲೆಕ್ಕಕ್ಕೆ ಸೇರದೆ ಉಳಿದುಹೋದ ಒಂಟಿ ಲಿಂಗದ ಹಾಗೆ ಕೂತಿದ್ದಳು.

ತಮ್ಮನನ್ನು ಝಾಡಿಸಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲೇ 194ಬಿ ಎಂಬ ಕಲಮು ಬಂದಿದೆ, 14ರೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ ಅಂದೆ. "ಅಕ್ಕಾ, ಇಲ್ಲಿ ಅದನ್ನೆಲ್ಲ ಯಾರು ಕೇಳ್ತಾರೆ?" ಅಂದ. ಮಗಳು ಮಾತ್ರ ಕೇಳಿಸಿಕೊಂಡಳು. "ಹಾಗಾದ್ರೆ ಇಂಡಿಯಾದಲ್ಲಿ ಬೆಲ್ಟ್ ಸಾಕು!"

ಅಮ್ಮನಿಗೆ ಈ ಜಗಳದ ತಲೆಬುಡ ಅರ್ಥವಾಗಲಿಲ್ಲ. "ಮಣೆ ಹಾಕಿ ಕೂರ್ಸಿದ್ರೆ ಬೇಡ ಅಂತದಲ್ಲ ಮಗು! ನಮ್ಮತ್ತೆ ನನಗೆ ಮಣೆ ಹಾಕೋಕೆ ಹನ್ನೆರಡು ವರ್ಷ ಹಿಡೀತು."

ಮರುದಿನ ಶ್ರೀನಿವಾಸಪುರದ ಮಾವಿನ ತೋಪಿಗೆ ಹೊರಟೆವು. ಕಾರಿನ ತುಂಬ ಜನ, ನಡುವೆ ಬೂಸ್ಟರು. ಊರು ದಾಟುವಷ್ಟರಲ್ಲಿ ಮಗಳು ಕಿರುಚಿದಳು: "ಅಮ್ಮಾ, ಅಜ್ಜಿ ಕಾಲು ನೆಲಕ್ಕೆ ತಾಗ್ತಿಲ್ಲ!"

ತೋತಾಪುರಿ ಅಲ್ಲೇ ಉಳಿಯಿತು. ಸಂಜೆ ಮನೆ ಮುಂದಿನ ಹೊಂಗೆ ಮರದಡಿ ಕಾರು ನಿಲ್ಲಿಸಿ ಅಜ್ಜಿಗೆ ಪರೀಕ್ಷೆ ಶುರುವಾಯಿತು. ಬೂಸ್ಟರ್ ಬಿಡಲು ಐದು ಪ್ರಶ್ನೆ ಪಾಸಾಗಬೇಕು, ಮಗಳಿಗೆ ಅದು ಬಾಯಿಪಾಠ. ಬೆನ್ನು ಪೂರ್ತಿ ಒರಗಿದೆಯೇ? ಒರಗಿತು. ಒರಗಿದರೆ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ? ಇಲ್ಲ, ಅಂಗಡಿಯ ಗೊಂಬೆಯ ಹಾಗೆ ಎರಡೂ ನೆಟ್ಟಗೆ. ಕೆಳಗಿನ ಪಟ್ಟಿ ಹೊಟ್ಟೆಗೆ ಬರದೆ ಸೊಂಟದ ಮೂಳೆಯ ಮೇಲೆ, ತೊಡೆಗೆ ತಾಗಿ ಕೂರುತ್ತದೆಯೇ? ಸೀರೆಯ ನೆರಿಗೆಯೊಳಗೆ ಅದೆಲ್ಲಿದೆಯೋ ಮುಳಬಾಗಿಲಿನ ಆಂಜನೇಯನಿಗೇ ಗೊತ್ತು. ಮೇಲಿನ ಪಟ್ಟಿ ಭುಜದ ನಡುವೆ ಇದೆಯೇ? ಕುತ್ತಿಗೆ ಕುಯ್ಯುತ್ತಿತ್ತು. ಐದನೆಯದು, ದಾರಿಯುದ್ದಕ್ಕೂ ಹೀಗೇ ಕೂತಿರಬಲ್ಲರೇ? ಉತ್ತರ ಹೇಳುವ ಮೊದಲೇ ಅಜ್ಜಿ ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲೆಳೆದುಕೊಂಡು ಚಕ್ಕಂಬಕ್ಕಳ ಹಾಕಿಯಾಗಿತ್ತು.

ಐದಕ್ಕೆ ಒಂದು. ಎದುರು ಮನೆಯವರೆಲ್ಲ ಕಾಂಪೌಂಡಿಗೆ ಬಂದಿದ್ದರು.

ಮಗಳು ಅಷ್ಟಕ್ಕೆ ಬಿಡಲಿಲ್ಲ. ಬಾಗಿಲವಾಡಕ್ಕೆ ಅಜ್ಜಿಯನ್ನು ಒರಗಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಅರಿಶಿನದಲ್ಲಿ ಗುರುತು ಹಾಕಿದಳು. 4 ಅಡಿ 8 ಅಂಗುಲ! ವಾಷಿಂಗ್ಟನ್ನಿನ ಲೆಕ್ಕದಲ್ಲಿ ನಮ್ಮಮ್ಮನಿಗೆ ಬೂಸ್ಟರ್ ಬಿಡುವ ವಯಸ್ಸು ಇನ್ನೂ ಬಂದಿಲ್ಲ.

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ನಮ್ಮನೆಯಲ್ಲಿ ಸಿಟ್ಟು ತಲೆಗೇರಿದರೆ ತೆಲುಗಿನಲ್ಲೇ ಇಳಿಯುವುದು. "ಇದೇಮ್ರಾ ಇದಿ! ಹೆಣ್ಣು ನೋಡೋಕೆ ಹೋದಾಗ ಐದಡಿ ಅಂದಿದ್ರು!" ಮದುವೆಯಾಗಿ ನಲವತ್ತೆಂಟು ವರ್ಷ.

"ಐದಡೀನೇ ಇದ್ದೆ. ನಿಮ್ಮನೆಗೆ ಬಂದ್ಮೇಲೆ ಸವೆದೆ," ಅಂದಳು ಅಮ್ಮ, ಬಾಗಿಲವಾಡದಿಂದ ಕದಲದೆ.

ಎಲ್ಲರೂ ನಕ್ಕೆವು. ಅಪ್ಪ ಮಾತ್ರ ಆ ಅರಿಶಿನದ ಗೆರೆಯನ್ನೇ ನೋಡುತ್ತಾ ನಿಂತರು.

ಭಾನುವಾರ ಮುಳಬಾಗಿಲಿಗೆ ಹೋಗುವಾಗ ಅಜ್ಜಿಯನ್ನು ಮಣೆಯ ಮೇಲೆ ಪ್ರತಿಷ್ಠಾಪಿಸಲಾಯಿತು. ಹಿಂದಿನ ಮೂರು ಸೀಟಿನಲ್ಲಿ ಇಬ್ಬರು ಅರ್ಹರು, ಬೂಸ್ಟರು ಒಂದೇ. ಹೋಗುವಾಗ ಅಜ್ಜಿಗೆ, ಬರುವಾಗ ಮೊಮ್ಮಗಳಿಗೆ ಎಂದು ರಾಜಿಯಾಯಿತು. ಹೋಗುವಾಗ ಬರೀ ಬೆಲ್ಟಿನಲ್ಲಿ ಮಗಳನ್ನು ಕೂರಿಸಿದ್ದಕ್ಕೆ ನನಗೇ ನಾಚಿಕೆ, ತಮ್ಮ ಕನ್ನಡಿಯಲ್ಲಿ ನೋಡಿ ನೋಡಿ ಹಲ್ಲು ಕಿರಿದ. ಬೂಸ್ಟರಿನ ತಳದಲ್ಲಿ 100 ಪೌಂಡ್ ಮಿತಿ ಎಂದಿದೆ. ಅಮ್ಮನ ತೂಕ 44 ಕೆಜಿ, ಮೂರು ಪೌಂಡ್ ಮಿಗುತ್ತದೆ. ಆ ಲೆಕ್ಕ ಹಾಕುವಾಗ ನನಗೆ ನಗು ಬರಲಿಲ್ಲ.

ಹೆದ್ದಾರಿ 75 ಹತ್ತಿದ ಮೇಲೆ ಅಮ್ಮ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. "ಈಗ ಕುತ್ತಿಗೆಗೆ ಬರಲ್ಲ ಕಣೇ. ಇಷ್ಟು ದಿನ ಮುಂದಿನ ಸೀಟಲ್ಲಿ ಕೂತಾಗ ಚುಚ್ಚುತ್ತೆ ಅಂತ ಕಂಕುಳ ಕೆಳಗೆ ಸಿಗಿಸ್ಕೊಂತಿದ್ದೆ." ಹಾಗೆ ಸಿಗಿಸಿಕೊಂಡರೆ, ಕಾರು ಗುದ್ದಿದಾಗ ಆ ಪಟ್ಟಿ ಪಕ್ಕೆಲುಬನ್ನೇ ಮುರಿಯಬಹುದು. ಎಷ್ಟು ವರ್ಷದಿಂದ ಅವಳ ಪಕ್ಕದಲ್ಲಿ ಕೂತು ಓಡಾಡಿದ್ದೇನೆ. ನೋಡಿರಲಿಲ್ಲ. ಅವಳೋ ಕಿಟಕಿಯಾಚೆ ಯಾರ ಹೊಲದಲ್ಲಿ ಟೊಮೊಟೊ, ಯಾರದರಲ್ಲಿ ಹೊಸ ಬೋರ್‌ವೆಲ್ಲು ಎಂದು ಮುಳಬಾಗಿಲಿನ ದೋಸೆ ತಟ್ಟೆಗೆ ಬರುವ ತನಕ ವರದಿ ಒಪ್ಪಿಸಿದಳು. ಕಾಲು ಮಾತ್ರ ಕೆಳಗೇ ಇತ್ತು.

ವಾಪಸು ಹೊರಡುವ ದಿನ ಮಗಳು ಉದಾರಿಯಾದಳು. "ಬೂಸ್ಟರ್ ಅಜ್ಜಿಗೇ ಇರಲಿ, ಪಾಪ, ಅವರಿಗೇ ಜಾಸ್ತಿ ಬೇಕು." ಆ ಪಾಪದ ಹಿಂದಿನ ಸಂಚು ತಿಳಿದು ಸೂಟ್‌ಕೇಸಿಗೆ ಹಾಕಿ ಬೀಗ ಜಡಿದೆ.

ಅದರ ಫಲವೇ ಅಪ್ಪನ ಪಕ್ಕದಲ್ಲಿ ನಿಂತ ಆಚಾರಿ. ಹಲಸಿನ ಮರವಂತೆ, ಪಾಲಿಶ್ ಹಾಕಿಸಿ, ಅಂಚಿಗೆ ಹಿತ್ತಾಳೆ ಪಟ್ಟಿ ಬಡಿಸುತ್ತಾರಂತೆ. ಅಪ್ಪಾ, ಬ್ರೇಕ್ ಹಾಕಿದರೆ ಮರ ಜಾರುತ್ತೆ, ಬೆಲ್ಟ್ ಹಿಡಿಯೋಕೆ ಅದರಲ್ಲಿ ಕೊಕ್ಕೆ ಇರಲ್ಲ, ದಯವಿಟ್ಟು ಆಚಾರೀನ ಮನೆಗೆ ಕಳಿಸಿ ಎಂದು ಕಾಲು ಹಿಡಿದೆ. ನಾನೇ ಒಂದನ್ನು ತರಿಸಿಕೊಡುತ್ತೇನೆ, ಅಮ್ಮನ ಎತ್ತರ, ತೂಕ ಇನ್ನೊಮ್ಮೆ ಸರಿಯಾಗಿ ನೋಡಿ ಹೇಳಿ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಐದಡಿ ಅಂತ ಹೇಳ್ರೀ."