ಪಂಖಶಾಸನ: ಕ್ರೈಸ್ತ ಔದಾರ್ಯದ ಸಂಕಥನಾತ್ಮಕ ನೆಲೆ-ಹಿನ್ನೆಲೆಗಳು

ಔದಾರ್ಯವೆಂದರೆ ಕೊಡುವುದು ಎಂಬ ಪಾಮರರ ತಿಳಿವಳಿಕೆಯನ್ನು ಮೊದಲು ನಿವಾರಿಸದೆ ಕ್ರೈಸ್ತ ದಾನಧರ್ಮದ ಅಧ್ಯಯನ ಸಾಧ್ಯವಿಲ್ಲ. ವಿಚಾರಸಂಕಿರಣಗಳಲ್ಲಿ ಮಧ್ಯಾಹ್ನದ ಊಟಕ್ಕೂ ಮುಂಚೆಯೇ ಸಿದ್ಧವಾಗಿರುವ ನಿಲುವಿನಂತೆ, ಔದಾರ್ಯವು ದಾತೃ-ಗ್ರಹೀತೃ ಸಂಬಂಧದ ಬಹುಸ್ತರೀಯ ಸಂಕಥನವಾಗಿದ್ದು, ಅದರ ನೆಲೆಯನ್ನು ಹಿನ್ನೆಲೆಯಲ್ಲಿಯೂ ಹಿನ್ನೆಲೆಯನ್ನು ಮುನ್ನೆಲೆಯಲ್ಲಿಯೂ ಇರಿಸಿ ಅನುಸಂಧಾನ ನಡೆಸಬೇಕಾಗುತ್ತದೆ. ಸಂಕಥನವೆಂದರೆ ಮಾತು, ಅನುಸಂಧಾನವೆಂದರೆ ಅದೇ ಮಾತನ್ನು ಇನ್ನೊಮ್ಮೆ ಆಡುವುದು. ಹೇಮಗುಡ್ಡದ ಸೀಮೆ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈ ನೆಲ, ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ್ದು. ಏಕೆಂದರೆ ಇಲ್ಲಿ ಬಂಡೆಗೂ ಬರಕ್ಕೂ ಎಂದೂ ಕೊರತೆಯಿಲ್ಲ, ಶಾಸನಕ್ಕೆ ಒಂದು ಬೇಕು, ದಾನಕ್ಕೆ ಇನ್ನೊಂದು ಬೇಕು.

ಹೆಸರು ಬರೆಸುವ ಕಲೆಯ ವಿಕಾಸವನ್ನು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳಿಂದ ಆರಂಭಿಸುವುದು ಯುಕ್ತ. ಅಲ್ಲಿ ಚಕ್ರವರ್ತಿಯು ತನ್ನನ್ನು ದೇವರಿಗೆ ಪ್ರಿಯನೆಂದು ಕರೆದುಕೊಂಡನೇ ಹೊರತು ಸ್ವಂತ ಹೆಸರನ್ನು ಹಾಕಿಸಲಿಲ್ಲ. ಆ ಪ್ರಿಯನು ಅಶೋಕನೇ ಎಂಬುದು ಖಚಿತವಾಗಲು 1915ರಲ್ಲಿ ಅವನ ಹೆಸರು ಹೊತ್ತ ಮಸ್ಕಿಯ ಬಂಡೆ ಬೆಳಕಿಗೆ ಬರುವವರೆಗೆ ಲೋಕವು ಕಾಯಬೇಕಾಯಿತು. ಹೆಸರನ್ನು ಹೀಗೆ ಬಿಡುವುದು ಅನುಭವ ಸಾಲದವರ ಲಕ್ಷಣ. 1112ರ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತ್ತು: ಇಟಗಿಯಲ್ಲಿ ಗುಡಿ ಕಟ್ಟಿಸಿದ ದಂಡನಾಯಕನೂ ಮಹಾದೇವ, ಒಳಗಿರುವವನೂ ಮಹಾದೇವ, ಕೈಮುಗಿದವರು ಯಾರಿಗೆ ಮುಗಿದರೆಂದು ಕೇಳುವಂತಿಲ್ಲ. ಈ ವಿಕಾಸದ ಪರಾಕಾಷ್ಠೆಯೇ ಪಂಖಶಾಸನ, ಎಂದರೆ ಪ್ರಾರ್ಥನಾಲಯದ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ ಬರಹ: ಒಂದರಲ್ಲಿ ದಾನಿ, ಇನ್ನೊಂದರಲ್ಲಿ ದಾನಿಯ ತೀರಿಕೊಂಡ ತಂದೆ, ಮೂರನೆಯದರಲ್ಲಿ ದಿನಾಂಕ. ಫ್ಯಾನು ತಿರುಗುವಾಗ ಗಾಳಿಯುಂಟು, ಹೆಸರಿಲ್ಲ. ಕರೆಂಟು ಹೋದಾಗ ಹೆಸರುಂಟು, ಗಾಳಿಯಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಬೋಧನೆಯು ಹೀಗೆ ವಿದ್ಯುತ್ ಇಲಾಖೆಯ ಕೃಪೆಯಿಂದ ದಿನದ ಕೆಲವು ಗಂಟೆಗಳ ಮಟ್ಟಿಗೆ ಪಾಲನೆಯಾಗುತ್ತಿದೆ.

ದಾನಿಗಳಲ್ಲಿ ಐದು ವರ್ಗ. ಮೊದಲನೆಯವನು ಫಲಕಾಕಾಂಕ್ಷಿ, ಅಂದರೆ ಕಲ್ಲು ಹಾಕಿಸುವವನು. ಎರಡನೆಯವನು ಧ್ವನಿವರ್ಧಕಾಕಾಂಕ್ಷಿ, ಅಂದರೆ ಆರಾಧನೆಯ ಕೊನೆಯಲ್ಲಿ ಮೈಕಿನಲ್ಲಿ ಮೊತ್ತ ಓದುವವರೆಗೂ ಎದ್ದು ಹೋಗದವನು. ಮೂರನೆಯವನು ಘೋಷಕ, ಸುಗ್ಗಿ ಹಬ್ಬದಲ್ಲಿ ಸಭೆಯವರು ಪ್ರಥಮ ಫಲವೆಂದು ತಂದ ಬೆಳೆಯನ್ನು ಹರಾಜಿಗಿಟ್ಟಾಗ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವ ಈತನಲ್ಲಿ ಕೂಗಿ ಕಟ್ಟುವವನು, ಕೂಗಿ ಮರೆಯುವವನು ಎಂಬ ಎರಡು ಉಪಭೇದಗಳಿವೆ. ನಾಲ್ಕು ಮತ್ತು ಐದನೆಯ ವರ್ಗಗಳಿಗೆ ತಕ್ಕ ಸಂಸ್ಕೃತ ಪದ ದೊರೆಯದ ಕಾರಣ ಅವನ್ನು ಕೈಬಿಡಲಾಗಿದೆ. ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಂದು ದಾಸೋಹದಲ್ಲಿ ರಾಶಿಯಾಗುವ ಜೋಳದ ರೊಟ್ಟಿಗಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದೂ ಬಗೆಹರಿದಿಲ್ಲ. ಯಾವ ರೊಟ್ಟಿ ಯಾವ ಮನೆಯದೆಂದು ತಿಳಿಯದಿರುವುದರಿಂದ ಶಾಸನಶಾಸ್ತ್ರಕ್ಕೆ ಅದು ನಿರುಪಯುಕ್ತ ಆಕರ.

ಇನ್ನು ದಶಾಂಶ, ಅಂದರೆ ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿಯೂ ಹತ್ತರಲ್ಲೊಂದನ್ನು ಎಣಿಸಿಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು ಯೇಸು ಬೈದದ್ದು ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿದೆ. ಮೂರು ವರ್ಷಕ್ಕೊಮ್ಮೆ ದಶಾಂಶವನ್ನು ಊರಲ್ಲೇ ಕೂಡಿಟ್ಟು ದೇವಸೇವೆಯ ಕುಲದವರಾದ ಲೇವಿಯರೊಂದಿಗೆ ಪರದೇಶಿಗಳೂ ಅನಾಥರೂ ವಿಧವೆಯರೂ ಹೊಟ್ಟೆ ತುಂಬ ಉಣ್ಣುವಂತೆ ಮಾಡಬೇಕೆಂಬ ಕಟ್ಟಳೆ ಬೈಬಲಿನ ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಿಂದ ಬೆಂಗಳೂರಿಗೋ ಗೋವೆಗೋ ಗುಳೆ ಹೋಗಿ, ಕಟ್ಟುತ್ತಿರುವ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವನಿಗಿಂತ ದೊಡ್ಡ ಪರದೇಶಿ ಯಾರಿದ್ದಾನೆ? ಆ ಕಟ್ಟಳೆಯ ಪ್ರಕಾರ ಊಟ ಅವನಿಗೆ ಸಲ್ಲಬೇಕು. ಹಬ್ಬಕ್ಕೆ ಊರಿಗೆ ಬಂದರೆ ಅವನ ಕೈಗೆ ಸಿಗುವುದು ಬಾಕಿ ದಶಾಂಶದ ಲೆಕ್ಕದ ಚೀಟಿ. ಇದಕ್ಕೂ ಒಂದು ಪಾರಿಭಾಷಿಕ ಪದ ಸೃಷ್ಟಿಸಬಹುದಿತ್ತು; ನಾಚಿಕೆಗೇಡು ಎಂಬ ಅಚ್ಚಗನ್ನಡ ಪದ ಈಗಾಗಲೇ ಇದೆ.

ಮಾರ್ಕನ ಸುವಾರ್ತೆಯಲ್ಲಿ ದೇವಾಲಯದ ಕಾಣಿಕೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ವಿಷಯದಲ್ಲಿ ವ್ಯಾಖ್ಯಾನ ಪರಂಪರೆ ಇನ್ನೂ ಚತುರವಾಗಿದೆ. ಮಾರ್ಕನು ಆಕೆಯ ಎರಡು ಲೆಪ್ಟಾಗಳು ಸೇರಿದರೆ ರೋಮಿನ ಒಂದು ಕ್ವಾಡ್ರನ್ಸ್ ಎಂದು ಚಿಲ್ಲರೆಯ ಲೆಕ್ಕವನ್ನೂ ಕೊಟ್ಟಿದ್ದಾನೆ. ಕಾಣಿಕೆಯ ಪ್ರಸಂಗವು ಹನ್ನೆರಡನೆಯ ಅಧ್ಯಾಯದ 41ನೆಯ ವಚನದಲ್ಲಿ ಆರಂಭವಾಗಿ 44ರಲ್ಲಿ ಮುಗಿಯುವುದು ವಾಡಿಕೆ. 40ನೆಯ ವಚನದಲ್ಲಿ ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಶಪಿಸಿದ್ದಾನೆ. 44 ಮುಗಿದೊಡನೆ, ಈಕೆ ತನ್ನ ಜೀವನವನ್ನೆಲ್ಲ ಹಾಕಿದ ಆ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಹೇಳಿದ್ದಾನೆ. ಮುಂದಿನದನ್ನೂ ಹಿಂದಿನದನ್ನೂ ಬಿಟ್ಟು ನಡುವಿನ ನಾಲ್ಕು ವಚನಗಳಿಗೆ ಬೇಲಿ ಹಾಕಿದರೆ, ಬಡವಿಯ ಕೊನೆಯ ಕಾಸನ್ನು ಕಂಡು ಯೇಸು ಸಂತೋಷಪಟ್ಟನೆಂದು ಬೋಧಿಸಲು ಅಡ್ಡಿಯೇನಿಲ್ಲ. ಆದರೆ ಅವನು ಸಂತೋಷಪಟ್ಟನೆಂದು ಮಾರ್ಕನು ಎಲ್ಲಿಯೂ ಬರೆದಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿಯ ಗದ್ದೆಗಳಲ್ಲಿ, ಇಡೀ ದಿನ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವಳು ಭಾನುವಾರ ಕಾಣಿಕೆ ಚೀಲದೊಳಗೆ ಮಡಿಚಿ ಹಾಕುವ ಹತ್ತು ರೂಪಾಯಿಗೆ ರೆಕ್ಕೆಯೂ ಇಲ್ಲ, ಕಲ್ಲೂ ಇಲ್ಲ. ಪಟ್ಟಿಯಲ್ಲಿ ಅದು ಸೇರುವುದು ‘ಇತರೆ’ ಎಂಬ ಸಾಲಿಗೆ. ಹೆಸರುಗಳನ್ನು ಬಿಡಿಸಿ ಬಿಡಿಸಿ, ಇನಿಷಿಯಲ್ ಸಮೇತ ಓದುವ ಖಜಾಂಚಿಯವರು ಅಲ್ಲಿಗೆ ಬಂದಾಗ ತಲೆ ಎತ್ತುವುದಿಲ್ಲ. ಆ ಹೊತ್ತಿಗೆ ಜನ ಚಪ್ಪಲಿ ಹುಡುಕತೊಡಗಿರುತ್ತಾರೆ.